ಅಡಿಗಲ್ಲು ಎಣಿಸಬಾರದು

ಬೀರೇಶ ಸತ್ತು ಹದಿನೇಳು ದಿನವಾಗಿತ್ತು. ಅವನು ಕೆಲಸ ಮಾಡುತ್ತಿದ್ದ ಶಹಾಬಾದ ಸ್ಟೇಷನ್ ಹತ್ತಿರದ ಇಂಟರ್ನೆಟ್ ಅಂಗಡಿಯ ಮಾಲೀಕ ಅಬ್ದುಲ್ ಸಲಾಂ, ಬೀರೇಶನ ಹೆಂಡತಿ ದಾನಮ್ಮನನ್ನು ಕರೆಸಿದ. ಗಂಡ ಅಂಗಡಿಯ ಕೆಲಸಕ್ಕೆ ಇಟ್ಟಿದ್ದ ನೋಟಬುಕ್ಕು ಹಿಡಿದು ಹೋದಳು.

ಪಿಯುಸಿ ಓದಿದ್ದರೂ ಬೀರೇಶ ಹನ್ನೆರಡು ವರ್ಷ ಫರಸಿ ಹಾಸುಗಲ್ಲು ಪಾಲಿಶ್ ಮಾಡಿದ. ಧೂಳು ಎದೆಗಿಳಿದ ಮೇಲೆ ಈ ಅಂಗಡಿ ಸೇರಿದ. ಅದು ಎರಡು ಸಾವಿರದ ಎರಡನೇ ಇಸವಿ. ಹೊರಗಿನಿಂದ ವೈರಸ್ ನುಗ್ಗಿ ಲೈನು ಕಟ್ಟಿಹೋಗುತ್ತಿತ್ತು. ಪುಸ್ತಕ ನೋಡಿ ನೋಡಿ ಅವನೇ ಒಂದು ಪುಟ್ಟ ಪ್ರೋಗ್ರಾಂ ಬರೆದ. ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಅಪ್ಪಣೆ ಬರೆದರೆ ಅದು ಯಂತ್ರಕ್ಕೆ ತಿಳಿಯುವ ಅಂಕಿ ಮಾಡಿಕೊಡುತ್ತಿತ್ತು. ಆ ಅಂಕಿ ಹಿಡಿದು ಒಂದು ಹಳೇ ಕಂಪ್ಯೂಟರ್, ತಂತಿಯಲ್ಲಿ ಬರುವ ಮಾಹಿತಿಯ ಒಂದೊಂದು ಪೊಟ್ಟಣವನ್ನೂ ತಡೆದು ಕೇಳುತ್ತಿತ್ತು: ಎಲ್ಲಿಂದ ಬಂದೆ? ನಮ್ಮದಾದರೆ ಇಷ್ಟು ಸಾಲು ಬಿಟ್ಟು ಮುಂದೆ ಹೋಗು. ಅಲ್ಲಿ 'ಒಳಗೆ ಬಿಡು' ಎಂದಿರುತ್ತಿತ್ತು. ಅದರ ಕೆಳಗೆ, ಕೊನೆಯ ಸಾಲು, 'ಬಿಡಬೇಡ'.

ಅವನು ಕೆಮ್ಮುತ್ತ ಬರೆಯುವನು. ಎರಡನೇ ಇಯತ್ತೆ ಓದಿದ ದಾನಮ್ಮ ಪಕ್ಕದಲ್ಲಿ ಕೂತು ಪರದೆಯ ಮೇಲೆ ಬೆರಳಿಟ್ಟು ಸಾಲು ಎಣಿಸುವಳು.

"ಭಾಭಿ, ನಿನ್ನೆ ಒಂದು ಹೊಸ ಸಾಲು ಸೇರಿಸಿ ಎಲ್ಲಾ ಮತ್ತ ಎಣಸಿ ಬರದೆ. ಆವಾಗಿಂದ ಏನೂ ಒಳಗ ಬರವಲ್ದು," ಅಂದ ಸಲಾಂ. "ಗುಲ್ಬರ್ಗಾದಿಂದ ಮನಿಶ್ಯಾ ಬರಾಕತ್ತಾನ. ಬೀರೇಶಂದೆಲ್ಲಾ ಅಳಿಸಿ ಬ್ಯಾರೆ ಹಾಕ್ತಾನಂತ. ನಿಮಗ ಹೇಳದ ಹ್ಯಾಂಗ ಅಳಸ್ಲಿ?"

ದಾನಮ್ಮ ಪರದೆಯ ಮುಂದೆ ಕೂತಳು. ಗಂಡನ ಅಂಗಿ ಧೋತರ ಆಗಲೇ ಹಂಚಿಯಾಗಿತ್ತು. ಅವನ ಕೈಯಿಂದ ಆದದ್ದು ಅಂತ ಉಳಿದದ್ದು ಇದೊಂದೇ.

"ಮೊದಲನೇ ಸಾಲು ತೋರಿಸ್ರಿ. ಎಷ್ಟು ಸಾಲು ಬಿಡಂತ ಬರದೀರಿ?"

"ಮೂರು."

ದಾನಮ್ಮ ಪರದೆಯ ಮೇಲೆ ಬೆರಳಿಟ್ಟಳು. "ಎಲ್ಲಿಂದ ಎಣಸಿದ್ರಿ?"

"ಈ ಸಾಲಿಂದಾನೇ."

"ಇದು ನೀವು ನಿಂತ ಸಾಲು. ನೆಲಕ್ಕ ಹಾಸಿದ ಅಡಿಗಲ್ಲು ಯಾರರೆ ಎಣಸ್ತಾರೇನ್ರಿ?"

ಫರಸಿ ಪೇರಿಸುವಾಗ ನೆಲದ ಹಸಿ ತಡೆಯಲು ಕೆಳಗೊಂದು ಕಲ್ಲು ಹಾಸುತ್ತಾರೆ. ಅದು ಲೆಕ್ಕಕ್ಕಿಲ್ಲ. ಅತ್ತರಿನ ಅಂಗಡಿಯಲ್ಲಿ ಬೆಳೆದ ಸಲಾಂಗೆ ಅದು ಗೊತ್ತಿರಲಿಲ್ಲ.

"ಯಾ ಅಲ್ಲಾ! ಕಂಪ್ಯೂಟರಿನಾಗೂ ಫರಸಿನೇ ಪೇರಿಸ್ಯಾನಲ್ರಿ ನಿಮ್ಮ ಗಂಡ!"

"ಮತ್ತೇನು ಪೇರಸ್ತಾನ? ಅವಗ ಬಂದದ್ದು ಅದೇ."

ಸಲಾಂ ಸಾಲು ಸಾಲಿನ ಎಣಿಕೆಯಲ್ಲೂ ಒಂದೊಂದು ಇಳಿಸಿದ. ಮೂರು ಇದ್ದದ್ದು ಎರಡಾಯಿತು; 'ಬಿಡಬೇಡ'ಕ್ಕೆ ಜಾರುತ್ತಿದ್ದದ್ದು ಈಗ 'ಒಳಗೆ ಬಿಡು' ಮೇಲೆ ನಿಂತಿತು. ಪ್ರೋಗ್ರಾಂ ಅಂಕಿ ಉಗುಳಿತು. ಮೂಲೆಯ ಕಂಪ್ಯೂಟರಿನಲ್ಲಿ ಪುಟ ಮೆಲ್ಲಗೆ ಇಳಿಯತೊಡಗಿತು. ಆಮೇಲೆ ಅದರ ಪಕ್ಕದ್ದರಲ್ಲಿ.

ಸಲಾಂ ಗುಲ್ಬರ್ಗಾಕ್ಕೆ ಫೋನು ಹಚ್ಚಿ, "ಬರಬ್ಯಾಡ್ರಿ," ಅಂದ. "ಭಾಭಿ, ಚಹಾ ಕುಡೀರಿ. ಇನ್ನ ಮ್ಯಾಲ ನೀವೇ ಬಂದು ಎಣಸ್ರಿ."

ದಾನಮ್ಮನ ಬೆರಳು ಇನ್ನೂ ಪರದೆಯ ಮೇಲೇ ಇತ್ತು, ಮುಂದಿನ ಸಾಲಿಗೆ ಕಾಯುತ್ತ. ಪಕ್ಕದಲ್ಲಿ ಅವನ ಕೆಮ್ಮು ಇರಲಿಲ್ಲ.

"ಬರ್ತೀನ್ರಿ," ಅಂದಳು. "ಇವತ್ತ ಸಾಕು."

ನೋಟಬುಕ್ಕನ್ನು ಆ ಹಳೇ ಕಂಪ್ಯೂಟರಿನ ಮೇಲಿಟ್ಟು ಮನೆಗೆ ನಡೆದಳು.