ಚೀಟಿ ಕೊಡೋ ಅಯ್ಯ

ಖಾಸಿಂ ಸಾಬರೇ, ಓಬಮ್ಮನ ಆ ದೂರು ನಿಮ್ಮ ಮೇಲಿನದಲ್ಲ, ನನ್ನ ಮೇಲಿನದು. ಅದನ್ನು ನಿಮ್ಮ ಮೇಲಕ್ಕೆ ತಿರುಗಿಸಿ ಬರೆದವನು ನಾನೇ. ಪಾವಗಡದ ಬಸ್ಸಿನ ಕಂಡಕ್ಟರ್ ಕೆಲಸ ನಿಮ್ಮ ಕೈತಪ್ಪಿದ್ದು ನಾನು ಬದಲಾಯಿಸಿದ ಒಂದು ಪದದಿಂದ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮ ಶಿರಾದ ಕಡೆ ತಲೆ ಹಾಕದೆ ಉಳಿದೆ.

ಯುದ್ಧದ ಕಾಲ ನಿಮಗೆ ನೆನಪಿದೆಯಲ್ಲ — ಪೆಟ್ರೋಲ್ ಸಿಗದೆ ಇದ್ದಿಲು ಉರಿಸಿ ಬಸ್ಸು ಓಡಿಸುತ್ತಿದ್ದರು, ಓಡಿದರೆ ಪುಣ್ಯ. ಜನ ಕಡಿಮೆಯಾಗುತ್ತಿದ್ದಾರೆ, ಏನು ಕೊರತೆಯೋ ತಿಳಿಯಬೇಕು ಎಂದು ನಮ್ಮ ಬಸ್ಸಿನ ಯಜಮಾನರು ಮಧುಗಿರಿಯ ನಿಲ್ದಾಣದಲ್ಲಿ ದೂರಿನ ಪೆಟ್ಟಿಗೆ ಇಡಿಸಿದರು. ಬರೆಯಲು ಬಾರದವರಿಗೆ ಏಜೆಂಟನಾದ ನಾನು ಬರೆದುಕೊಡಬೇಕು. ನನಗೋ ಖುಷಿ, ಕಂಡವರ ಮನಸ್ಸು ಕೆದಕುವ ಚಟ ಮೊದಲಿನಿಂದಲೂ ಇತ್ತು. ಹೊಗೆ, ಸೀಟಿನ ಮೊಳೆ, ತಡ — ಇವನ್ನೇ ಹೇಳುತ್ತಾರೆಂದುಕೊಂಡಿದ್ದೆ. ಯಾರೂ ಹೇಳಲಿಲ್ಲ. ಹಾಗಾದರೆ ಇವರಿಗೆ ನಿಜವಾಗಿ ನೋಯುವುದು ಯಾವುದು? ಆ ಕುತೂಹಲದಲ್ಲೇ ಒಂದು ಬೆಳಿಗ್ಗೆ ಓಬಮ್ಮನನ್ನು ಪೆಟ್ಟಿಗೆಯ ಪಕ್ಕ ಕೂರಿಸಿಕೊಂಡೆ.

ಪಾವಗಡದ ಆಚೆಯ ಹಳ್ಳಿಯ ಮುದುಕಿ. ಜ್ವರ ಬಂದ ಬಾಣಂತಿ ಮಗಳಿಗೆ ಔಷಧಿ ಕೊಳ್ಳಲು ಬಂದವಳು, ಹಿಂದಿನ ದಿನ ಬಸ್ಸು ತಪ್ಪಿಸಿಕೊಂಡು ಇಲ್ಲೇ ಉಳಿದಿದ್ದಳು.

"ಮೋಟಾರು ಎಪ್ಪುಡೊಸ್ತುಂದಿ, ಎಷ್ಟೊತ್ತಿಗೆ ಬತ್ತದೆ ಅಂತ ಮೂರು ಸಲ ಕೇಳ್ದೆ ಕಣಯ್ಯ, ಆ ಚೀಟಿ ಕೊಡೋ ಅಯ್ಯನ್ನ. ಬಾಯೇ ಬುಡ್ಲಿಲ್ಲ. ಮೋಟಾರು ಎಲ್ಲೋ ಇದ್ದಿಲು ತುಂಬ್ಕಂಡು ಆ ಕಡೆಯಿಂದ್ಲೇ ಹೊಲ್ಟೋಯ್ತು. ತಡ ಆದ್ರೆ ಆಗ್ಲಿ, ಒಂದು ಮಾತು ಹೇಳಕ್ಕೇನು?"

"ನೋಡಕ್ಕೆ ಹೆಂಗಿದ್ದ?" ಎಂದೆ.

"ತಲೆ ಎತ್ತಿದ್ರಲ್ವಾ ಮುಖ ಕಾಣಾದು. ತಲೆಗೆ ಸುತ್ತಿದ್ದ ರುಮಾಲು ಕಂಡೆ, ಅಷ್ಟೆ."

ಆ ರುಮಾಲು ಆಗ ನನ್ನ ತೊಡೆಯ ಮೇಲಿತ್ತು, ಸೆಕೆಗೆ ತೆಗೆದಿಟ್ಟುಕೊಂಡಿದ್ದೆ. ಟಿಕೆಟ್ಟಿನ ಚೀಟಿ ಕೊಡುವವರು ನಾವಿಬ್ಬರು — ಕಿಟಕಿಯಲ್ಲಿ ನಾನು, ದಾರಿಯಲ್ಲಿ ಹತ್ತಿದವರಿಗೆ ನೀವು. 'ಕಂಡಕ್ಟರು' ಎಂದು ಬರೆದೆ. ಓದಿ ಹೇಳುವಾಗ ಮಾತ್ರ 'ಚೀಟಿ ಕೊಡುವ ಅಯ್ಯ' ಎಂದೇ ಓದಿದೆ. ಅವಳು ನಂಬಿ ಹೆಬ್ಬೆಟ್ಟು ಒತ್ತಿದಳು.

ಯಜಮಾನರು ಕೇಳಿದಾಗ ನೀವು ಹೇಳಿದ್ದು ಇಷ್ಟೇ: "ನೆಪ್ಪಿಲ್ಲ ಸ್ವಾಮಿ. ಆದ್ರೆ ಆಯಮ್ಮ ಇಲ್ಲೇ ಉಳ್ಕಂಡಿದ್ದು ನಿಜ ಅಲ್ವಾ, ನಾನೂ ಇಳಿದು ನೋಡ್ಬೇಕಿತ್ತು." ನೀವು ನನ್ನ ಕಡೆ ತಿರುಗಲಿಲ್ಲ. ಗೊತ್ತಿದ್ದೂ ತಿರುಗಲಿಲ್ಲವೋ, ಗೊತ್ತೇ ಇರಲಿಲ್ಲವೋ — ಇಂದಿಗೂ ಇದನ್ನೇ ಯೋಚಿಸುತ್ತೇನೆ.

ನೀವು ಹೋದ ಮೇಲೆ ನಾನು ಬದಲಾದೆ. ಹೆದರಿ ಬದಲಾದೆ. ಕಿಟಕಿಗೆ ಯಾರು ಬಂದರೂ ತಲೆ ಎತ್ತಿದೆ, "ಬಾರಮ್ಮ, ಇನ್ನೂ ಒಂದು ತಾಸು ಆಯ್ತದೆ, ನೆರಳಲ್ಲಿ ಕೂತ್ಕ" ಎಂದೆ. ಎಂಥ ಸಣ್ಣ ಕೆಲಸ. ಬಸ್ಸು ಅದೇ, ಹೊಗೆ ಅದೇ, ಜನ ಮಾತ್ರ ಹೆಚ್ಚಿದರು. ಪೆಟ್ಟಿಗೆ ಖಾಲಿ. ಯಜಮಾನರು ಪೆಟ್ಟಿಗೆಯನ್ನು ಅಲ್ಲಾಡಿಸಿ, "ನೋಡ್ದೇನಯ್ಯ, ಆ ಒಬ್ಬನ್ನ ತೆಗೆದದ್ದೇ ಸರಿಯಾಯ್ತು" ಎಂದರು. ನಾನು ತಲೆಯಾಡಿಸಿದೆ. ನಾನು ಒಳ್ಳೆಯವನಾದಷ್ಟೂ ನಿಮ್ಮ ತಪ್ಪು ಗಟ್ಟಿಯಾಗುತ್ತಾ ಹೋಯಿತು, ಸಾಬರೇ.

ಓಬಮ್ಮ ಮತ್ತೆ ಬಂದಿದ್ದಳು, ಚೇತರಿಸಿಕೊಂಡ ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು. "ನನ್ನ ಬುಟ್ಟಿ ಹತ್ತಿಸ್ತಿದ್ದ ಆ ಸಾಬರು ಎಲ್ಲಯ್ಯ?" ಎಂದಳು. ಊರಿಗೆ ಹೋದರು ಎಂದೆ. ತಲೆ ಎತ್ತಿಯೇ ಹೇಳಿದೆ.

ಯಜಮಾನರು ಈಗಿಲ್ಲ. ಅವರ ಮಗನಿಗೆ ಇದರದೇ ಒಂದು ಪ್ರತಿ ಕೊಟ್ಟಿದ್ದೇನೆ. ಅದರ ತಲೆಯಲ್ಲಿ ನನ್ನ ಹೆಸರನ್ನೂ ಸೇರಿಸಿ ಬರೆದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಶಿರಾಕ್ಕೆ ಬರುತ್ತೇನೆ. ಚೀಟಿಯ ಅಂಕಿ ಬಿಟ್ಟರೆ ನಿಮಗೆ ಓದಲು ಬಾರದು, ನಾನೇ ಓದಬೇಕು. ಬೇಕಿದ್ದರೆ ಪಕ್ಕದಲ್ಲಿ ಓದಬಲ್ಲ ಒಬ್ಬರನ್ನು ಕೂರಿಸಿಕೊಳ್ಳಿ. ಈ ಸಲ ಬರೆದದ್ದನ್ನೇ ಓದುತ್ತೇನೆ.