ದೊಡ್ಡವ್ವ ಹೆಸರು ಹಿಡಿದು ಕರೆದದ್ದು

ಮಾನ್ವಿಯ ಶಿವಬಸಮ್ಮ ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ. ಬಾಯಿ ಅಂದರೆ ಬಾಯಿ. ಅವಳ ಗಂಡ ಈರಯ್ಯನವರದು ಸಣ್ಣದೊಂದು ಅಕ್ಕಿ ಗಿರಣಿ. ಯಂತ್ರ ಶುರುವಾಯಿತೆಂದರೆ ಎದುರಿಗೆ ನಿಂತವರ ಮಾತೂ ಕೇಳುತ್ತಿರಲಿಲ್ಲ. ಆದರೆ ದೊಡ್ಡವ್ವ ಹಿತ್ತಲಲ್ಲಿ ನಿಂತು ಹಮಾಲರನ್ನು ಬೈದರೆ ಒಂದಕ್ಷರ ಬಿಡದೆ ಕೇಳುತ್ತಿತ್ತು. ತಹಶೀಲ್ದಾರರಿಗೂ ಅಂಜದ ಆ ಬಾಯಿಗೆ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಅದು ಗಂಡನ ಹೆಸರು.

ಗಂಡನ ಹೆಸರು ಹೇಳದ ಹೆಂಗಸರು ಆಗ ನಮ್ಮ ಕಡೆ ಮನೆಮನೆಗೂ ಇದ್ದರು, ಅದೇನು ದೊಡ್ಡ ಮಾತಲ್ಲ. ಆದರೆ ಅವರಿಗೆಲ್ಲ ಒಂದೊಂದು ಒಳದಾರಿ ಇತ್ತು. ಮಕ್ಕಳಿದ್ದವರು ಮಗನ ಹೆಸರು ಹಿಡಿದು ‘ಇಂಥವನ ಅಪ್ಪ’ ಎನ್ನುತ್ತಿದ್ದರು. ಮದುವೆಮನೆಯಲ್ಲಿ ಒಡಪು ಕಟ್ಟಿ ಹಾಡಿನೊಳಗೆ ಹೆಸರು ತಂದರೆ ದೋಷವಿಲ್ಲವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ಒಡಪಿನ ಹೊತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಮನೆ ಸೇರಿಬಿಡುತ್ತಿದ್ದಳು. ಜನಗಣತಿಯವರು ಬಾಗಿಲಿಗೆ ಬಂದು ಯಜಮಾನರ ಹೆಸರು ಕೇಳಿದರೆ ಪಕ್ಕದ ಮನೆಯ ಹಾಜಿರಾ ಬೀ ಗೋಡೆಯಾಚೆಯಿಂದಲೇ ಕೂಗಿ ಹೇಳಬೇಕಾಗುತ್ತಿತ್ತು. ಉಳ್ಳಾಗಡ್ಡಿ ಅನ್ನುವ ನಾಡಿನಲ್ಲಿ ಹುಟ್ಟಿದ್ದು ದೊಡ್ಡವ್ವನ ಪುಣ್ಯ. ಬೆಂಗಳೂರಿನವಳಾಗಿದ್ದರೆ ಈರುಳ್ಳಿ ಅನ್ನಲಾರದೆ ಸಾರು ಮಾಡುವುದನ್ನೇ ಬಿಡುತ್ತಿದ್ದಳು ಅಂತ ನಾನು ಕಾಡುತ್ತಿದ್ದೆ.

ಕಾಡಬಾರದಿತ್ತು ಅಂತ ನನ್ನವ್ವ ಒಮ್ಮೆ ಹಿಂದಿನ ಕತೆ ಹೇಳಿದಳು. ಅವರ ತವರು ಗಬ್ಬೂರು. ಅಜ್ಜಿ ಒಂದು ದಿನ ಜಗಳದ ಸಿಟ್ಟಿನಲ್ಲಿ ಅಜ್ಜನ ಹೆಸರು ಹಿಡಿದು ಅಂಗಳದಲ್ಲಿ ನಿಂತು ಕೂಗಿದ್ದಳಂತೆ. ಅದೇ ಬೇಸಿಗೆಯಲ್ಲಿ ಅಜ್ಜ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತನ್ನು ಊರೇ ಅಜ್ಜಿಯ ತಲೆಗೆ ಕಟ್ಟಿತು, ಅವಳೂ ಸಾಯುವ ತನಕ ಅದನ್ನು ಹೊತ್ತುಕೊಂಡೇ ತಿರುಗಿದಳು. ಹಿರಿಮಗಳಾದ ದೊಡ್ಡವ್ವ ಇದನ್ನೆಲ್ಲ ಕಣ್ಣಾರೆ ಕಂಡವಳು. ಅದಾದ ಮೇಲೆ ನಾನು ಆ ವಿಷಯಕ್ಕೆ ಹೋಗಲಿಲ್ಲ.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ದೇವದುರ್ಗದ ವ್ಯಾಪಾರಸ್ಥರೊಬ್ಬರು ಕೇದಾರಕ್ಕೆ ಯಾತ್ರೆ ಹೊರಡಿಸಿದರು. ದೊಡ್ಡಪ್ಪ ತಮ್ಮಿಬ್ಬರ ಹೆಸರು ಬರೆಸಿ, ಜತೆಗೆ ನನ್ನದೂ ಬರೆಸಿದರು. ನಾನು ರಾಯಚೂರಿನಲ್ಲಿ ಟೀಚರು, ಸೂಟಿ ಇತ್ತು, ಹಿಂದಿ ಬರುತ್ತದೆ ಅಂತ ಅವರ ನಂಬಿಕೆ. ನನಗೆ ಬರುತ್ತಿದ್ದದ್ದು ನಮ್ಮೂರಿನ ಕಿರಾಣಿ ಅಂಗಡಿಯ ಹಿಂದಿ. ಅದನ್ನು ಕೇಳಿದ ಹರಿದ್ವಾರದ ಟಾಂಗಾವಾಲ ನಕ್ಕು ನಕ್ಕು ಲಗಾಮು ಬಿಟ್ಟುಬಿಟ್ಟ. ರಾಯಚೂರು ಸ್ಟೇಷನ್ನಿನಲ್ಲಿ ಹತ್ತಿದಾಗ ಮೈ ಸುಡುತ್ತಿತ್ತು. ಕೇದಾರ ಮುಟ್ಟುವಷ್ಟರಲ್ಲಿ ಥಂಡಿಗೆ ನನ್ನ ಗಂಟಲು ಪೂರಾ ಕಟ್ಟಿ, ದುಭಾಷಿಯೆಂದು ಕರೆದುಕೊಂಡು ಹೋದವಳೇ ಮೂಕಿಯಾದೆ. ನಾಲ್ಕು ಮಾತಾಡಬೇಕೆಂದರೂ ಬರೀ ಗಾಳಿ ಹೊರಡುತ್ತಿತ್ತು.

ಕೇದಾರದ ದರ್ಶನವಾದ ಮೇಲೆ ತುಂಗನಾಥ. ಅಲ್ಲಿ ಪೂಜೆ ಮುಗಿಸಿ ಎಲ್ಲರೂ ಚಹಾದಂಗಡಿಯ ಒಲೆ ಸುತ್ತ ಕೂತರು. ಗುಡಿಯ ಮೇಲುಗಡೆ ಇನ್ನೂ ಒಂದು ಶಿಖರವಿದೆ, ಚಂದ್ರಶಿಲಾ ಅಂತ, ಚಳಿಗಾಲದ ಹಿಮ ಅಲ್ಲಿ ಇನ್ನೂ ಕರಗಿಲ್ಲ ಅಂತ ಚಹಾದವನು ಹೇಳಿದ್ದೇ ತಡ, ದೊಡ್ಡಪ್ಪ ಎದ್ದು ನಿಂತರು. ಅವರು ಅಲ್ಲಿಯವರೆಗೆ ಮುಟ್ಟಿದ್ದ ಬರ್ಫ ಅಂದರೆ ತಮ್ಮದೇ ಗಿರಣಿಯ ಹೊಟ್ಟಿನಲ್ಲಿ ಮುಚ್ಚಿಟ್ಟ ಸೋಡಾ ಅಂಗಡಿಯ ಮಂಜುಗಡ್ಡೆ. ದೊಡ್ಡವ್ವ ಮೊಣಕಾಲು ಒತ್ತಿಕೊಳ್ಳುತ್ತ, “ಇಲ್ಲಿ ತನ ಬಂದೀವಿ, ಅದೊಂದು ಯಾಕ ಬಿಡಬೇಕು, ನಡೀರಿ” ಅಂದಳು. ಗುಂಪಿನ ಮಿಕ್ಕವರು ಜಾಗ ಬಿಟ್ಟು ಅಲ್ಲಾಡಲಿಲ್ಲ. ಹೊರಟವರು ನಾವು ಮೂವರೇ.

ಸ್ವಲ್ಪ ಹತ್ತುವುದರಲ್ಲಿ ಹಿಮ ಶುರುವಾಯಿತು. ಮೊದಲು ಕಲ್ಲುಸಂದಿಯಲ್ಲಿ ಅಷ್ಟಿಷ್ಟು, ಆಮೇಲೆ ಇಳಿಜಾರಿನ ತುಂಬ ಬೆಳ್ಳಗೆ. ದೊಡ್ಡಪ್ಪ ಅದರ ಅಂಚಿನಲ್ಲಿ ನಿಂತವರು ಅಲ್ಲೇ ಕೂತು, ಯಾತ್ರೆಗೆಂದು ಕೊಂಡಿದ್ದ ಕ್ಯಾನ್ವಾಸ್ ಬೂಟಿನ ಲೇಸು ಬಿಚ್ಚತೊಡಗಿದರು.

“ಏನ್ ಮಾಡಾಕತ್ತೀರ್ರೀ?” ಅಂದಳು ದೊಡ್ಡವ್ವ.

“ಕಣ್ಣಿಗೆ ಕಾಣಸಂಗಿಲ್ಲೇನು? ಮೈತುಂಬ ಇಬೂತಿ ಬಡಕೊಂಡು ಕುಂತಾನ ದೇವ್ರು. ಇದರ ಮ್ಯಾಲೆ ಬೂಟು ಹಾಕ್ಕೊಂಡು ಹತ್ತಲೇನು?”

“ಕಾಲು ಸೆಟದು ಹೋಗ್ತಾವ್ರೀ!”

“ಗುಡಿಯಾಗ ಹೋದ್ರ ಕಾಲು ಸೆಟೀತಾವೇನ?” ಅಂದವರೇ ಚಿಟಿಕೆ ಹಿಮ ತೆಗೆದು ಹಣೆಗೆ ಹಚ್ಚಿಕೊಂಡು, ಬೂಟು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಮುಂದೆ ನಡೆದರು. ಇಂಥ ಭಕ್ತಿಗೆ ಏನು ಹೇಳಬೇಕು? ದೊಡ್ಡವ್ವ ಬೂಟು ಬಿಚ್ಚಲಿಲ್ಲ. ‘ನನ್ನ ತಪ್ಪು ಹೊಟ್ಯಾಗ ಹಾಕ್ಕೋ ನಮ್ಮಪ್ಪಾ’ ಅಂತ ಕೆನ್ನೆಕೆನ್ನೆ ಬಡಿದುಕೊಂಡು, ಇಳಕಲ್ ಸೀರೆಯನ್ನು ಮೇಲೆ ಸಿಕ್ಕಿಸಿ, ನನ್ನ ತೋಳು ಹಿಡಿದು ಜಾರುತ್ತ ಏಳುತ್ತ ಹತ್ತಿದಳು. ನಾವು ನಿಧಾನ, ಅವರು ಜಾತ್ರೆಗೆ ಬಿಟ್ಟ ಹುಡುಗನ ಹಾಗೆ ಮುಂದೆ ಮುಂದೆ ಹೋಗಿಬಿಟ್ಟರು.

ಆಗ ಮಂಜು ಕವಿಯಿತು. ಹೇಳದೆ ಕೇಳದೆ ಕೆಳಗಿನ ಕಣಿವೆಯಿಂದ ಎದ್ದು ಬಂದು ಗುಡ್ಡವನ್ನೇ ನುಂಗಿತು. ಕಾಲಕೆಳಗೂ ಬಿಳಿ, ಕಣ್ಣೆದುರೂ ಬಿಳಿ. ದೊಡ್ಡಪ್ಪನ ಹೆಜ್ಜೆ ಹಿಡಿದು ಹೋದೆವು. ಹಿಮ ಮುಗಿದು ಬಂಡೆ ಬಂದಲ್ಲಿ ಹೆಜ್ಜೆಯೂ ಮುಗಿಯಿತು. ಎಡಗಡೆ ಪ್ರಪಾತವಿದೆ ಎಂದು ಚಹಾದವನು ಕೈ ಮಾಡಿ ತೋರಿಸಿದ್ದ. ನಾನು “ದೊಡ್ಡಪ್ಪಾ” ಎಂದು ಕೂಗಲು ಹೋದೆ, ಗಂಟಲಿನಿಂದ ಗಾಳಿ ಹೊರಟಿತು ಅಷ್ಟೆ.

“ರೀ...” ಎಂದು ದೊಡ್ಡವ್ವ ಕರೆದಳು. ಬೀಸುವ ಗಾಳಿಯೂ ಅದೇ ಸದ್ದು ಮಾಡುತ್ತಿತ್ತು. “ಏನ್ರೀ, ಎಲ್ಲಿದ್ದೀರ್ರೀ?” ಎಂದಳು. ಉತ್ತರವಿಲ್ಲ. ಗಿರಣಿ ಸದ್ದಿಗೆ ದೊಡ್ಡಪ್ಪನ ಕಿವಿ ಅರ್ಧ ಮಂದವಾಗಿತ್ತು ಬೇರೆ. ನಾನು ಸನ್ನೆ ಮಾಡಿದೆ, ಹೆಸರು ಹಿಡಿದು ಕರೆ, ಜೋರಾಗಿ ಕರೆ ಅಂತ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. “ಬ್ಯಾಡ ಯವ್ವಾ, ನಮ್ಮಪ್ಪ ಹೋಗಿದ್ದು ಹಂಗ” ಅಂದಳು. ಹೆದರಿದ್ದ ನನಗೆ ಸಿಟ್ಟು ಬಂತು, ಅವಳ ರಟ್ಟೆ ಹಿಡಿದು ಅಲ್ಲಾಡಿಸಿದೆ. ಕರೆದರೆ ಆಯುಷ್ಯ ಹೋಗುತ್ತದೆ; ಕರೆಯದಿದ್ದರೆ ಮನುಷ್ಯನೇ ಹೋಗುತ್ತಾನೆ. ದೊಡ್ಡವ್ವ ಹಿಮದ ಮೇಲೆ ಮೊಣಕಾಲೂರಿದಳು, ಗುಡ್ಡದ ಕಡೆ ಕೈಮುಗಿದು ತುಟಿ ಅಲ್ಲಾಡಿಸಿದಳು. ಆಮೇಲೆ ಎದ್ದು ಕೂಗಿದಳು.

“ಈರಯ್ಯಾ!”

ಹಮಾಲರನ್ನು ಬೈಯುವ ದನಿಯಲ್ಲ ಅದು. ಮದುವೆಯಾದ ಹೊಸತರ ಯಾವುದೋ ಹುಡುಗಿಯ ದನಿ. ಏನೂ ಕೇಳಿಬರಲಿಲ್ಲ. “ಈರಯ್ಯಾ!” ಎಂದು ಮತ್ತೆ ಕೂಗಿದಳು. ಮೂರನೆಯ ಸಲ ಕೂಗು ಅರ್ಧಕ್ಕೆ ಅಳುವಾಯಿತು. ಆಗ ಬಲಗಡೆಯ ಬಂಡೆಯ ಹಿಂದಿನಿಂದ, ತೀರಾ ಹತ್ತಿರದಿಂದ, “ಓ” ಅಂತ ಬಂತು.

ದೊಡ್ಡಪ್ಪ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದರು. ಪಾದ ಎರಡೂ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ದೊಡ್ಡವ್ವ ಅಲ್ಲೇ ಕೂತು, ಆ ಪಾದಗಳನ್ನು ಮಡಿಲಿಗೆ ಎಳೆದುಕೊಂಡು, ಸೀರೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿ ಹಿಡಿದಳು. ಮಂಜು ಹರಿದಾಗ ಶಿಖರ ನಮ್ಮ ತಲೆಯ ಮೇಲೇ ಇತ್ತು. ಅವರಿಬ್ಬರೂ ಅದರ ಕಡೆ ನೋಡಲಿಲ್ಲ.

ದೊಡ್ಡಪ್ಪನ ಕಾಲು ಉಳಿದವು. ಊರಿಗೆ ಬಂದ ಮೇಲೆ ದೊಡ್ಡವ್ವ ಸೋಮವಾರ ಹಿಡಿದಳು. ಹೆಸರು ಹೇಳಿ ಕಡಿಮೆ ಮಾಡಿದ ಆಯುಷ್ಯವನ್ನು ಮರಳಿ ಕೂಡಿಸಬೇಕಲ್ಲ! ವಾರಕ್ಕೊಂದು ದಿನ ಒಂದು ಹನಿ ನೀರೂ ಮುಟ್ಟದ ಉಪವಾಸ. ದೊಡ್ಡಪ್ಪನಿಗೆ ಒಂದು ಕೆಮ್ಮು ಬಂದರೆ ಮಂಗಳವಾರವೂ ಉಪವಾಸ. ವರ್ಷ ವರ್ಷಕ್ಕೆ ಬತ್ತಿದಳು. ಮಾನ್ವಿಗೆ ಹೋದಾಗಲೆಲ್ಲ ನಾನು ಜಗಳವಾಡಿದೆ. ಹಾಜಿರಾ ಬೀ ಅಲ್ಲಾನ ಮೇಲೆ ಆಣೆಯಿಟ್ಟು ಹೇಳಿದರು. ಗೋಡೆಗೆ ಹೇಳಿದಂತಾಯಿತು.

ಎಂಬತ್ತಮೂರರಲ್ಲಿ ಒಂದು ಸೋಮವಾರ ನಾನು ಅಲ್ಲೇ ಇದ್ದೆ. ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಒಲೆಯ ಪಕ್ಕಕ್ಕೇ ಕುಸಿದಳು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಕೂಡಿಸಿದೆವು. ದೊಡ್ಡಪ್ಪ ಗಂಗಾಳದಲ್ಲಿ ಹಾಲು, ರೊಟ್ಟಿ ತಂದು ಮುಂದಿಟ್ಟರು. ಅವಳು ಮುಖ ತಿರುಗಿಸಿದಳು.

“ಸೋಮವಾರ ಐತ್ರೀ. ಮೂರು ಸಲ ಕರದೀನಿ. ಅದು ತೀರಬೇಕಲ್ಲ.”

ದೊಡ್ಡಪ್ಪ ಅವಳೆದುರು ಕೂತರು. “ನಿನ್ನ ತಪ್ಪು ಒಂದ ಸಲದ್ದು” ಅಂದರು. “ಉಳಿದದ್ದು ನಂದು.”

“ಅಂದ್ರ?”

“ಮೊದಲ್ನೇ ಸಲಾನ ಕೇಳಿಸಿತ್ತು.”

ದೊಡ್ಡವ್ವ ಅವರನ್ನೇ ನೋಡಿದಳು. “ಮತ್ತ ಯಾಕ ಓ ಅನ್ನಲಿಲ್ಲ? ನನ್ನ ಜೀವ ಅಲ್ಲೇ ಹೋಗಾಕತ್ತಿತ್ತು!”

“ಮದುವಿ ಆದಾಗಿಂದ ಒಮ್ಮಿನೂ ಕೇಳಿದ್ದಿಲ್ಲ” ಅಂದರು ದೊಡ್ಡಪ್ಪ. “ಓ ಅಂದ್ರ ನೀ ಕರಿಯೋದು ನಿಂದ್ರಸ್ತಿದ್ದಿ.”

ನಾನು ಎದ್ದು ಹೊರಗೆ ಹೋಗಬೇಕಿತ್ತು, ಕಾಲು ಬರಲಿಲ್ಲ. ದೊಡ್ಡವ್ವ ಸೆರಗಿನಿಂದ ಮೊದಲು ತನ್ನ ಕಣ್ಣು ಒರೆಸಿಕೊಂಡು, ಅದೇ ಸೆರಗಿನಿಂದ ಅವರದನ್ನೂ ಒರೆಸಿದಳು. ಆಮೇಲೆ ಗಂಗಾಳವನ್ನು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.