ದೊಡ್ಡಮಲ್ಲಮ್ಮ ಕೇಳದೆ ಬಿಟ್ಟ ಮಾತು

ನಾನು ಅಕ್ಕ ಎಂದು ಕರೆಯುತ್ತಿದ್ದ ನನ್ನ ಓರಗಿತ್ತಿ ದೊಡ್ಡಮಲ್ಲಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಉಮ್ಮತ್ತೂರಿನ ಸುತ್ತ ಹನ್ನೊಂದು ಊರುಗಳ ನಮ್ಮವರ ಬೆಡಗು, ಎಂದರೆ ವಂಶದ ಕವಲು, ಅವಳ ಬಾಯಲ್ಲೇ ಇತ್ತು. ಒಂದೇ ಬೆಡಗಿನವರೆಂದರೆ ಅಣ್ಣತಂಗಿಯರು. ಅವರೊಳಗೆ ಮದುವೆ ಕೂಡದು. ಹಾಗಾಗಿ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯಿಸುವ ಮುಂಚೆ ಎರಡೂ ಕಡೆಯವರು ನಮ್ಮ ಜಗುಲಿಗೆ ಬಂದು ಕೂರುತ್ತಿದ್ದರು. ಅವಳು ಮೂರು ಮಾತು ಕೇಳುವಳು: ನಿಮ್ಮ ಬೆಡಗು ಯಾವುದು, ತಾಯಿಯ ತವರಿನದು ಯಾವುದು, ಮನೆದೇವರು ಯಾರು. ಆಮೇಲೆ "ಆಯ್ತದೆ" ಅನ್ನುವಳು, ಇಲ್ಲವೇ ಎದ್ದು ಒಳಗೆ ಹೋಗುವಳು.

ಐವತ್ತನಾಲ್ಕನೆಯ ಇಸವಿಯಲ್ಲಿ ಪಕ್ಕದ ಮನೆಯ ವಿಧವೆ ಪುಟ್ಟಬಸಮ್ಮನ ಮಗಳು ಮಂಗಳಗೌರಿಗೆ ಗುಂಡ್ಲುಪೇಟೆಯ ಗಂಡು ಗೊತ್ತಾಯಿತು. ಹುಡುಗನ ತಾತ ಶಾಂತಮಲ್ಲಪ್ಪನೇ ಬಂದು ಕೂತ. ಮೂರು ಮಾತಿಗೂ ತಡವರಿಸದೆ ಉತ್ತರ ಕೊಟ್ಟ. ಅಕ್ಕ "ಆಯ್ತದೆ" ಅಂದಳು.

ಮದುವೆಗೆ ಆರು ದಿನ ಇರುವಾಗ ನಾವಿಬ್ಬರೂ ಸಂತೆಮರಹಳ್ಳಿ ಸಂತೆಗೆ ಹೋಗಿದ್ದೆವು. ಆ ಊರಿನ ಮುದುಕಿ ಶಾಂತಮಲ್ಲಮ್ಮ ಎಲೆಗೆ ಸುಣ್ಣ ಸವರುತ್ತ, ನಮ್ಮ ಮದುವೆಯ ಮಾತು ಕೇಳಿ ನಕ್ಕಳು.

"ಗುಂಡ್ಲುಪೇಟೆ ಶಾಂತಮಲ್ಲಪ್ಪನ ಮೊಮ್ಮಗನಾ? ಆವಯ್ಯ ಹುಟ್ಟುದ್ದು ನಮ್ಮೂರ್ಲಿ ಕಣಮ್ಮಿ. ಹಾಲು ಬುಡೋಕ್ ಮುಂಚೇನೆ ಅಲ್ಲಿಗೆ ದತ್ತು ಕೊಟ್ಬುಟ್ರು."

"ಯಾರ ಮನೇಲಿ ಹುಟ್ಟುದ್ದು?" ಅಕ್ಕ ಕೇಳಿದಳು.

ಮುದುಕಿ ಹೆಸರು ಹೇಳಿದಳು. ಅದು ಮಂಗಳಗೌರಿಯದೇ ಬೆಡಗಿನ ಮನೆ. ದತ್ತು ಹೋದರೂ ಹುಟ್ಟಿದ ಬೆಡಗು ಬಿಡುವುದಿಲ್ಲ.

ದತ್ತು ಹೋದವರು ಹುಟ್ಟಿದ ಮನೆಯ ಹೆಸರು ಎತ್ತುವುದಿಲ್ಲ. ಕೇಳಬೇಕೆಂದು ಅಕ್ಕನಿಗೂ ಹೊಳೆದಿರಲಿಲ್ಲ. ಕೊಂಡ ಬೆಲ್ಲವನ್ನು ಅವಳು ಬಸ್ಸಿನಲ್ಲೇ ಬಿಟ್ಟು ಇಳಿದಳು.

"ಯೋಳ್ಬುಡಿ ಅಕ್ಕ, ಇನ್ನೂ ಟೇಮದೆ," ಅಂದೆ.

"ಯೋಳುದ್ರೆ ವೀಳ್ಯ ಮುರಿತದೆ. ಅಪ್ಪ ಇಲ್ದ ಹೆಣ್ಣು. ವೀಳ್ಯ ಮುರ್ದೋಳ್ನ ಇನ್ಯಾರು ತಕ್ಕಂಡಾರು?"

"ಯೋಳ್ದಿದ್ರೆ? ಆ ಮುದುಕಿ ಬಾಯಿ ನಮ್ಮ ಕೈಲದಾ?"

"ಸುಮ್ನಿರು."

ತಾಳಿ ಕಟ್ಟುವ ಮುಂಚೆ ಕುಲದ ಯಜಮಾನರು ಎಲ್ಲರಿಗೂ ಕೇಳುವಂತೆ ಬೆಡಗು ವಿಚಾರಿಸುವುದು ನಮ್ಮಲ್ಲಿ ರೂಢಿ. ಮದುವೆಯ ದಿನ ಅವರು ಅಕ್ಕನ ಕಡೆ ತಿರುಗಿ "ಬ್ಯಾರೆ ಬ್ಯಾರೇನೇನಮ್ಮ?" ಅಂದರು. ಅಕ್ಕ ಚಪ್ಪರದ ಕಂಬ ಹಿಡಿದುಕೊಂಡು "ಬ್ಯಾರೆ" ಅಂದಳು. ಹೆಂಗಸರ ನಡುವೆ ಸಂತೆಯ ಮುದುಕಿ ಶಾಂತಮಲ್ಲಮ್ಮ ಕೂತಿದ್ದಳು. ಗಂಡಿನವರೂ ಕರೆದಿರಲಿಲ್ಲ, ಹೆಣ್ಣಿನವರೂ ಕರೆದಿರಲಿಲ್ಲ. ಅವಳು ಎಲೆ ಅಗಿಯುವುದನ್ನು ನಿಲ್ಲಿಸಿ ಅಕ್ಕನನ್ನೇ ನೋಡಿದಳು.

ಮುದುಕಿಯ ಬಾಯಿಂದ ಸುದ್ದಿ ಊರೂರಿಗೆ ಹರಡಿತು. ಆಮೇಲೆ ನಮ್ಮ ಜಗುಲಿಗೆ ಯಾರೂ ಬರಲಿಲ್ಲ. ನಾನು ಬಾವಿಗೆ ಹೋದರೆ ಅಲ್ಲಿದ್ದವರ ಮಾತು ನಿಲ್ಲುತ್ತಿತ್ತು. ಅಕ್ಕ ಮಾತ್ರ ದಿನವೂ ಜಗುಲಿ ಸಾರಿಸಿ ಕಾಯುತ್ತಿದ್ದಳು.

ಮದುವೆಯಾದ ಆರನೆಯ ತಿಂಗಳು, ಒಂದು ಮಧ್ಯಾಹ್ನ, ಮಂಗಳಗೌರಿ ಟ್ರಂಕು ಹೊತ್ತು ಒಬ್ಬಳೇ ಬಸ್ಸಿಳಿದು ಬಂದಳು. ತುಂಬಿದ ಬಸುರಿ ಅಲ್ಲ, ಆದರೆ ಹೊಟ್ಟೆ ಕಾಣುತ್ತಿತ್ತು. ತಾಯಿಯ ಮನೆ ದಾಟಿ ನಮ್ಮ ಜಗುಲಿಗೇ ಬಂದು ಕೂತಳು.

"ದೊಡ್ಡವ್ವ, ಅಲ್ಲಿ ನನ್ ಕೈನೀರ್ನೂ ಕುಡಿತಾ ಇಲ್ಲ. ಕೇರಿ ಹೆಂಗಸ್ರು ನನ್ ಗಂಡ ಬಂದ್ರೆ 'ಓ, ನಿಮ್ಮಣ್ಣ ಬಂದ ಕಣಮ್ಮಿ' ಅಂತ ನಗಾಡ್ತಾರೆ. ನನ್ ಗಂಡಂಗೆ ನಾನು ಏನಾಗ್ಬೇಕು? ನೀನೇ ಯೋಳು."

ಇಂಥ ಪ್ರಶ್ನೆಗೆ ಅಕ್ಕ ಎಂದೂ ತಡ ಮಾಡಿದವಳಲ್ಲ. ಅವತ್ತು ಮೊದಲು ಹುಡುಗಿಯ ಟ್ರಂಕು ಒಳಗಿಟ್ಟು ಬಂದು ಅವಳ ಹೊಟ್ಟೆ ನೋಡಿದಳು.

ಆಮೇಲೆ "ತಂಗಿ" ಅಂದಳು.